ಹಿಂದಕ್ಕೆ ಕಟ್ಟಿದ ಕೈ

ಚಿತ್ರಪ್ರದರ್ಶನಕ್ಕೆ ಹೋದವರೆಲ್ಲ ಕೈಗಳನ್ನು ಬೆನ್ನ ಹಿಂದೆ ಯಾಕೆ ಕಟ್ಟಿಕೊಳ್ಳುತ್ತಾರೆ? ನೀವೂ ಗಮನಿಸಿರಬಹುದು. ಬಾಗಿಲ ತನಕ ಬೀಸಿಕೊಂಡು ಬಂದ ಕೈ, ಮೊದಲ ಚಿತ್ರದ ಮುಂದೆ ನಿಂತದ್ದೇ ತಡ, ತಾನಾಗಿ ಹಿಂದಕ್ಕೆ ಹೋಗಿ ಇನ್ನೊಂದು ಕೈಯ ಮಣಿಕಟ್ಟನ್ನು ಹಿಡಿದುಕೊಳ್ಳುತ್ತದೆ. ‘ಮುಟ್ಟಬೇಡಿ’ ಎಂಬ ಫಲಕ ಇದ್ದರೂ ಅಷ್ಟೆ, ಇಲ್ಲದಿದ್ದರೂ ಅಷ್ಟೆ. ಮೊನ್ನೆ ಬ್ಯಾಂಕಿನ ಸಾಲಿನಲ್ಲಿ ನಿಂತು ಗೋಡೆಯ ಕ್ಯಾಲೆಂಡರ್ ನೋಡುತ್ತಿದ್ದೆ. ನನ್ನ ಕೈಗಳೂ ಹಾಗೇ ಹಿಂದೆ ಹೋಗಿ ಕೂತಿದ್ದವು. ಕ್ಯಾಲೆಂಡರಿನಲ್ಲಿದ್ದದ್ದು ಒಂದು ಟ್ರ್ಯಾಕ್ಟರ್. ಟ್ರ್ಯಾಕ್ಟರಿಗೆ ಇಷ್ಟೊಂದು ಮರ್ಯಾದೆ ಕೊಟ್ಟೆನಲ್ಲ ಎಂದು ನನಗೇ ನಗು ಬಂತು. ಹಿಂದೆಯೇ ಗೆಳತಿ ನಂದಿನಿಯ ಜೊತೆ ಚಿತ್ರ ನೋಡುತ್ತಾ ಕಳೆದ ಒಂದು ಭಾನುವಾರ ನೆನಪಾಯಿತು.

ನಮ್ಮ ಕಾಫಿ ಸೀಮೆಯಲ್ಲಿ ಕೈ ಹಿಂದಕ್ಕೆ ಕಟ್ಟುವುದನ್ನು ಯಾರೂ ಪ್ರದರ್ಶನ ನೋಡಿ ಕಲಿತದ್ದಲ್ಲ. ಅದು ತೋಟದ ಯಜಮಾನರ ನಡಿಗೆ. ನನ್ನ ತಾತ ತೋಟ ಸುತ್ತುವಾಗ ಹಾಗೆಯೇ ಸುತ್ತುತ್ತಿದ್ದರು. ಕೈ ಹಿಂದಿದ್ದರೆ ಬರೀ ನೋಡುತ್ತಿದ್ದಾರೆ ಎಂದರ್ಥ. ಕೈ ಬಿಚ್ಚಿ ಮುಂದಕ್ಕೆ ತಂದರೋ, ಅಲ್ಲೆಲ್ಲೋ ಏನೋ ಸರಿಯಿಲ್ಲ, ಹತ್ತಿರದಲ್ಲಿರುವವರಿಗೆ ಕೆಲಸ ಬಂತು ಎಂದೇ ಲೆಕ್ಕ. ಚಿಕ್ಕವರಾದ ನಾವು ಅವರ ಮುಖ ನೋಡುತ್ತಿರಲಿಲ್ಲ, ಹಿಂದಿನಿಂದ ಕೈ ನೋಡಿಕೊಂಡೇ ಓಡಬೇಕೋ ಇರಬೇಕೋ ತೀರ್ಮಾನ ಮಾಡುತ್ತಿದ್ದೆವು.

ನನ್ನ ವಿಚಾರವನ್ನೂ ಇಲ್ಲೇ ಹೇಳಿಬಿಡುತ್ತೇನೆ. ನಾನು ಮೂಡಿಗೆರೆಯಲ್ಲಿ ಹಿರಿಯರೊಬ್ಬರ ಕೈಕೆಳಗೆ ವಕೀಲಿ ಕಲಿಯುತ್ತಿರುವವಳು. ಅದಕ್ಕೂ ಮೊದಲು, ಹೈಸ್ಕೂಲಿನಿಂದ ಲಾ ಕಾಲೇಜು ಮುಗಿಯುವವರೆಗೆ, ಚರ್ಚಾಸ್ಪರ್ಧೆಯ ಹುಡುಗಿ. ಪರವೋ ವಿರೋಧವೋ ಎಂಬುದನ್ನು ಆ ಸ್ಪರ್ಧೆಗಳಲ್ಲಿ ಚೀಟಿ ಎತ್ತಿಸಿ ತೀರ್ಮಾನಿಸುತ್ತಿದ್ದರು. ಚೀಟಿಯಲ್ಲಿ ಬಂದದ್ದೇ ನನ್ನ ನಂಬಿಕೆ. ಒಂದು ಸಲ ‘ಕಾಫಿಗಿಂತ ಚಹಾವೇ ಶ್ರೇಷ್ಠ’ ಎಂಬ ವಿಷಯ ಕೊಟ್ಟರು. ಎದುರಿಗೆ ಕೂತವರಲ್ಲಿ ಮುಕ್ಕಾಲು ಪಾಲು ಕಾಫಿ ಬೆಳೆಗಾರರು, ಅವರ ಮಕ್ಕಳು. ನನಗೆ ಬಂದ ಚೀಟಿ ಪರ. ಚಹಾ ತೋಟದಲ್ಲೇ ಹುಟ್ಟಿ ಬೆಳೆದವಳ ಹಾಗೆ ಮಾತಾಡಿದೆ. ಮೊದಲ ಬಹುಮಾನವೂ ಬಂತು. ಕಪ್ ಹಿಡಿದು ಮನೆಗೆ ಹೋದರೆ ಅಜ್ಜಿ ಕಪ್ಪನ್ನೊಮ್ಮೆ ನನ್ನನ್ನೊಮ್ಮೆ ನೋಡಿ ಒಳಗೆ ಹೋದಳು. ಮರುದಿನ ಬೆಳಿಗ್ಗೆ ಎಲ್ಲರ ಲೋಟಕ್ಕೂ ಕಾಫಿ, ನನ್ನ ಲೋಟಕ್ಕೆ ಚಹಾ. ಅದರ ಮರುದಿನವೂ ಚಹಾ.

“ಅಜ್ಜೀ, ಅದು ಸ್ಪರ್ಧೆಗೆ ಹೇಳಿದ್ದು” ಅಂದೆ.

“ಸ್ಪರ್ಧೆಗೆ ಹೇಳಿದ್ದು ಕೇಳಿಸ್ಕೊಂಡೆ. ಕುಡಿಯಕ್ಕೆ ಎಂತ ಹೇಳ್ತೀಯ, ಅದನ್ನ ಮೊದ್ಲು ಹೇಳು” ಅಂದಳು ಅಜ್ಜಿ.

ನಂದಿನಿಗೆ ಈ ಕತೆ ಗೊತ್ತು. ಅವಳು ಆಲ್ದೂರಿನವಳು. ಹೈಸ್ಕೂಲಿನಲ್ಲಿ ನಾವಿಬ್ಬರೂ ಒಂದೇ ಬೆಂಚು. ನಾನು ವೇದಿಕೆಯ ಮೇಲೆ ಕೈ ಬೀಸಿ ಮಾತಾಡುತ್ತಿದ್ದರೆ ಅವಳು ಕೆಳಗೆ ಕೂತು ತೀರ್ಪುಗಾರರ ಮೂಗು ಬರೆಯುತ್ತಿದ್ದಳು. ಅವಳ ಅಪ್ಪಾಜಿ ಮಲ್ಲಪ್ಪನವರದ್ದು ಬಸ್‌ಸ್ಟ್ಯಾಂಡಿನ ಹತ್ತಿರದ ಅಂಗಡಿ. ಕತ್ತಿ, ಗುದ್ದಲಿ, ಪೈಪು, ಗೋಣಿಚೀಲ, ಟಾರ್ಪಾಲು, ಹೀಗೆ ತೋಟಕ್ಕೆ ಬೇಕಾದದ್ದೆಲ್ಲ ಅಲ್ಲಿ ಸಿಗುತ್ತದೆ. ನಂದಿನಿ ಹಗಲು ಅಂಗಡಿಯಲ್ಲಿ ಕೂರುತ್ತಾಳೆ, ಬಿಡುವಾದಾಗ ಮಹಡಿಯ ಮೇಲಿನ ಕೋಣೆಗೆ ಹೋಗಿ ಚಿತ್ರ ಬರೆಯುತ್ತಾಳೆ. ಬರೆಯುವುದು ಹೆಚ್ಚಾಗಿ ಟಾರ್ಪಾಲುಗಳನ್ನೇ.

“ಟಾರ್ಪಾಲೇ ಯಾಕೆ?” ಎಂದು ಒಮ್ಮೆ ಪಾಟೀಸವಾಲು ಹಾಕಿದ್ದೆ.

“ಇಲ್ಲಿ ಅದೇ ಜಾಸ್ತಿ ಇರೋದು ಮಾರಾಯ್ತಿ, ಕಾಣದಿಲ್ವಾ ನಿಂಗೆ?”

ನಿಜಕ್ಕೂ ಅಲ್ಲಿಯವರೆಗೆ ಕಂಡಿರಲಿಲ್ಲ. ನೋಡಲು ಶುರು ಮಾಡಿದ ಮೇಲೆ ಬೇರೇನೂ ಕಾಣದಾಯಿತು. ಸೌದೆ ರಾಶಿಯ ಮೇಲೆ ಟಾರ್ಪಾಲು, ಜೀಪಿನ ಬೆನ್ನಿಗೆ ಟಾರ್ಪಾಲು, ಮದುವೆ ಮನೆಯ ಅಡುಗೆ ಚಪ್ಪರಕ್ಕೆ ಟಾರ್ಪಾಲು, ಕಣದಲ್ಲಿ ಒಣಗಲು ಹರವಿದ ಕಾಫಿಗೆ ಟಾರ್ಪಾಲು. ನಮ್ಮ ಬೆಟ್ಟಗಳ ಹಸಿರನ್ನು ಎಲ್ಲರೂ ಹೊಗಳುತ್ತಾರೆ. ಆ ಹಸಿರು ಬಿಟ್ಟರೆ ಇಲ್ಲಿ ಅತಿ ಹೆಚ್ಚು ಕಾಣುವ ಬಣ್ಣ ಟಾರ್ಪಾಲಿನ ನೀಲಿ. ಅದನ್ನು ಯಾರೂ ಹೊಗಳಿದ್ದು ನಾನು ಕೇಳಿಲ್ಲ.

ಕಣದ ಟಾರ್ಪಾಲಿಗೂ ನನಗೂ ಹಳೆಯ ನಂಟು. ಕೊಯ್ಲಿನ ಕಾಲದಲ್ಲಿ ಮೋಡ ಕಂಡರೆ ಸಾಕು, ಮನೆಗೆ ಮನೆಯೇ ಕಣಕ್ಕೆ ಓಡುತ್ತಿತ್ತು. ಊಟಕ್ಕೆ ಕೂತ ನೆಂಟರೂ ಎಂಜಲು ಕೈಯಲ್ಲೇ ಎದ್ದು ಓಡುತ್ತಿದ್ದರು. ಹರವಿದ ಕಾಫಿಯನ್ನು ಗುಡ್ಡೆ ಮಾಡಿ, ಟಾರ್ಪಾಲು ಎಳೆದು, ಮೂಲೆಗಳಿಗೆ ಕಲ್ಲು ಹೇರಬೇಕು. ಗಾಳಿ ಜೋರಾಗಿ, ಕಲ್ಲು ಕೈಗೆ ಸಿಗದಿದ್ದರೆ ಕಲ್ಲಿನ ಬದಲು ನಾನು. “ಏಯ್, ಆ ಮೂಲೆ ಮೇಲೆ ಕೂರು, ಏಳಬೇಡ” ಎಂದು ತಾತ ಕೂಗಿದರೆ ಹೋಗಿ ಕೂರುತ್ತಿದ್ದೆ. ಕೆಳಗಿನಿಂದ ಟಾರ್ಪಾಲು ನನ್ನನ್ನು ಎತ್ತಿ ಎತ್ತಿ ಹಾಕುತ್ತಿತ್ತು. ಕಾಫಿ ಹಣ್ಣಿನ ಹುಳಿ ಹುಳಿ ವಾಸನೆ, ತೊಡೆಯ ಕೆಳಗೆ ಬಿಸಿಲಿಗೆ ಕಾದ ಪ್ಲಾಸ್ಟಿಕ್ಕು. ಇಡೀ ವರ್ಷದ ಫಸಲು ನನ್ನ ಭಾರದ ಮೇಲೆ ನಿಂತಿದೆ ಎಂಬ ಜಂಬ ಬೇರೆ. ಆಗ ನಾನು ತೂಗುತ್ತಿದ್ದದ್ದು ಒಂದು ಗೊಬ್ಬರದ ಚೀಲಕ್ಕಿಂತಲೂ ಕಡಿಮೆ.

ಭಾನುವಾರಕ್ಕೆ ಬರುತ್ತೇನೆ. ಸಂಕ್ರಾಂತಿ ಕಳೆದ ಹೊಸತು. ಮಹಡಿಯ ಆ ಕೋಣೆಗೆ ಕುತ್ತು ಬಂದಿತ್ತು. ಮಳೆಗಾಲಕ್ಕೆ ಮುಂಚೆ ಟಾರ್ಪಾಲು ತರಿಸಿ ದಾಸ್ತಾನು ಮಾಡಲು ಮಲ್ಲಪ್ಪನವರಿಗೆ ಜಾಗ ಬೇಕಿತ್ತು. ಅವರು ಗದರುವ ಜನ ಅಲ್ಲ. “ಕೋಣೆ ಬೇಕಾದ್ರೆ ಬೇಕು ಅನ್ನವ್ವ, ಬೇಡಾದ್ರೆ ಬೇಡ ಅನ್ನು. ಏನೂ ಹೇಳ್ದೆ ಮಾತ್ರ ಇರಬೇಡ” ಅಂದಿದ್ದರಂತೆ. ‘ಬೇಕು’ ಎನ್ನಲು ಇವಳಿಗೆ ಬಾಯಿ ಬರುತ್ತಿರಲಿಲ್ಲ. ಬರೆದದ್ದನ್ನು ಅವಳು, ನಾನು ಮತ್ತು ಒಂದು ಹಲ್ಲಿಯ ಹೊರತು ಯಾರೂ ನೋಡಿರಲಿಲ್ಲ. ಕೊನೆಗೆ ಧೈರ್ಯ ಮಾಡಿ ಸಂಸೆಯಲ್ಲಿ ಊರಿನವರೇ ಸೇರಿ ನಡೆಸುತ್ತಿದ್ದ ಪ್ರದರ್ಶನಕ್ಕೆ ಒಂದು ಚಿತ್ರ ಕಳಿಸಿದ್ದಳು.

“ಒಬ್ರಾದ್ರೂ ಅದರ ಮುಂದೆ ನಿಂತು ನೋಡಿದ್ರೆ ಕೋಣೆ ಬೇಕು ಅಂತೀನಿ. ಇಲ್ದಿದ್ರೆ ಇವತ್ತೇ ಬೀಗದ ಕೈ ಅಪ್ಪಾಜಿಗೆ” ಅಂದಳು, ಅಂಗಡಿಯ ಗೂಡ್ಸ್ ಗಾಡಿಯ ಸ್ಟಿಯರಿಂಗ್ ಹಿಡಿದು. ಹೋಗುವ ದಾರಿಯಲ್ಲೇ ಕಳಸಕ್ಕೆ ಕೊಡಬೇಕಾದ ಎರಡು ಬಂಡಲ್ ಟಾರ್ಪಾಲು ಹಿಂದುಗಡೆ ಕೂತಿದ್ದವು.

“ನಾನು ನಿಂತು ನೋಡ್ತೀನಲ್ಲ?”

“ನೀನು ಲೆಕ್ಕಕ್ಕಿಲ್ಲ. ನಿಂಗೆ ಚೀಟೀಲಿ ಏನು ಬರ್ತದೋ ಅದು.”

ಮುಖಕ್ಕೆ ಹೊಡೆದ ಹಾಗೆ ಹೇಳಿದಳು. ಆ ಚಿತ್ರವನ್ನು ಕೋಣೆಯಲ್ಲಿ ನಾನು ನೋಡಿದ್ದೆ. ಸಿಮೆಂಟಿನ ಕಣ, ಅರ್ಧ ಕಾಫಿಗೆ ನೀಲಿ ಟಾರ್ಪಾಲು ಹೊದಿಸಿದೆ, ಇನ್ನರ್ಧ ಬಯಲಲ್ಲಿದೆ. ಟಾರ್ಪಾಲಿನ ಒಂದು ಮೂಲೆ ಗಾಳಿಗೆ ಎದ್ದಿದೆ. ಆಕಾಶ ಇಲ್ಲವೇ ಇಲ್ಲ, ಕಣದ ಅಂಚಿನಿಂದ ಒಂದು ನೆರಳು ಮಾತ್ರ ಒಳಗೆ ಬರುತ್ತಿದೆ. “ಜನರೇ ಇಲ್ಲದ ಕಣ ಎಲ್ಲಾದರೂ ಇರುತ್ತದಾ? ಮೋಡ ಬಂದರೆ ಇಡೀ ಊರೇ ಅಲ್ಲಿರುತ್ತದೆ. ಇದು ವಾಸ್ತವಕ್ಕೆ ವಿರುದ್ಧ” ಎಂದು ಮೂರು ಮಾತಿನಲ್ಲಿ ಕೇಸು ಮುಗಿಸಿದ್ದೆ. ಅವಳು ಕುಂಚ ತೊಳೆಯಲು ಹೋಗಿದ್ದಳು.

ಈಗ ಗಾಡಿಯಲ್ಲಿ ಷರತ್ತು ಹಾಕಿದಳು. ಸಂಸೆಗೆ ಮೊದಲು ಇನ್ನೂ ಎರಡು ಪ್ರದರ್ಶನಗಳಿವೆ. ಅಲ್ಲಿ ನಾನು ಎಷ್ಟು ಬೇಕಾದರೂ ಮಾತಾಡಬಹುದು. ಸಂಸೆಯಲ್ಲಿ ಮಾತ್ರ ಬಾಯಿ ಬಿಡಕೂಡದು, ಯಾರನ್ನೂ ಕರೆದು ತಂದು ಚಿತ್ರದ ಮುಂದೆ ನಿಲ್ಲಿಸಕೂಡದು. ಒಪ್ಪಿದೆ. ಒಪ್ಪುವಾಗಲೂ ‘ಆದರೆ’ ಎಂದೇ ಶುರು ಮಾಡಿದ್ದೆ.

ಮೊದಲನೆಯದು ಚಿಕ್ಕಮಗಳೂರಿನಲ್ಲಿ. ದೊಡ್ಡ ಹಾಲ್, ತಣ್ಣನೆಯ ನೆಲ, ಬಾಗಿಲಲ್ಲಿ ಗುಲಾಬಿ ಎಸಳಿನ ತಟ್ಟೆ. ಆಳೆತ್ತರದ ಒಂದು ಕ್ಯಾನ್ವಾಸಿನ ತುಂಬಾ ಕಂದು ಬಣ್ಣ, ಮಧ್ಯೆ ಒಂದು ಬಿಳಿ ಗೀರು, ಕೆಳಗೆ ‘ಅಂತರಂಗ – ೪’ ಎಂಬ ಚೀಟಿ.

“ಒಂದು, ಎರಡು, ಮೂರು ಎಲ್ಲಿವೆ ಸರ್?” ಎಂದು ಶಾಲು ಹೊದ್ದು ಓಡಾಡುತ್ತಿದ್ದ ವ್ಯವಸ್ಥಾಪಕರನ್ನು ಕೇಳಿದೆ.

“ಮಾರಾಟ ಆಗಿವೆ ಮೇಡಂ.”

“ಅಂತರಂಗವೇ? ಮತ್ತೆ ಈ ನಾಲ್ಕನೆಯದನ್ನು ಬಹಿರಂಗ ಅನ್ನಬೇಕಲ್ಲವೇ, ಗೋಡೆಗೆ ಹಾಕಿದ ಮೇಲೆ?”

ಅವರು ಶಾಲು ಸರಿಪಡಿಸಿಕೊಂಡರು. “ನೀವು ಪತ್ರಿಕೆಯವರಾ?”

“ಅಲ್ಲ ಸರ್, ವಕೀಲರು. ಭಾನುವಾರ ಕೋರ್ಟಿಲ್ಲ ನೋಡಿ, ಅದಕ್ಕೇ” ಎಂದು ನಂದಿನಿ ನನ್ನನ್ನು ಪಕ್ಕಕ್ಕೆ ಎಳೆದಳು.

ಎಳೆದವಳು ತಾನು ಹೋಗಿ ಅಂತರಂಗಕ್ಕೆ ಮೂಗು ತಾಗುವಷ್ಟು ಹತ್ತಿರ ನಿಂತಳು. ಪಕ್ಕದಿಂದ ನೋಡಿದಳು, ಬಗ್ಗಿ ನೋಡಿದಳು, ಕೈ ಮಾತ್ರ ಹಿಂದೆಯೇ ಇತ್ತು. “ಬಣ್ಣ ಹಚ್ಚಿ ಹಚ್ಚಿ ಕೆರೆದಿದಾರೆ ಕಣೆ. ಕೆರೆದಲ್ಲಿ ಕೆಳಗಿನ ಹಸಿರು ಕಾಣ್ತಿದೆ ನೋಡು.”

“ಕಂಡರೆ ಏನಾಯಿತು?”

“ಏನೂ ಆಗ್ಬೇಕಾಗಿಲ್ಲ. ಕಾಣ್ತಿದೆ, ಅಷ್ಟೆ.”

ಇಂಥ ಉತ್ತರಕ್ಕೆ ಪಾಟೀಸವಾಲು ಹಾಕುವುದು ಹೇಗೆ? ನಾನು ನೋಡಿದೆ. ಹಸಿರು ಇತ್ತು. ಇದ್ದದ್ದಕ್ಕೆ ಸ್ವಲ್ಪ ಬೇಜಾರೂ ಆಯಿತು.

ಎರಡನೆಯದು ಮೂಡಿಗೆರೆಯ ಹತ್ತಿರ. ಹಳೆಯ ಕಾಫಿ ಗೋಡೌನಿಗೆ ಸುಣ್ಣ ಬಳಿದು, ಹಳದಿ ದೀಪ ಹಾಕಿ, ತೋಟದ ಫೋಟೋಗಳನ್ನು ತೂಗುಹಾಕಿದ್ದರು. ಎಲ್ಲದರಲ್ಲೂ ಮಂಜು. ಮಂಜಿನಲ್ಲಿ ಮರ, ಮಂಜಿನಲ್ಲಿ ಹಕ್ಕಿ, ಮಂಜಿನಲ್ಲಿ ಬುಟ್ಟಿ ಹೊತ್ತ ಹೆಂಗಸು. ಮಂಜಿಲ್ಲದ ಮಟಮಟ ಮಧ್ಯಾಹ್ನ ನಾವಿಲ್ಲಿ ಬದುಕುವುದೇ ಇಲ್ಲವೇ ಎಂದು ನಾನು ಇನ್ನೇನು ಶುರು ಮಾಡಬೇಕು, ಅಷ್ಟರಲ್ಲಿ ನನಗಿಂತ ದೊಡ್ಡ ವಿಮರ್ಶಕರು ಬಂದರು. ಇಬ್ಬರು ಬೆಳೆಗಾರರು, ಇಬ್ಬರ ಕೈಯೂ ಬೆನ್ನ ಹಿಂದೆ.

“ಇದು ಯಾರ ತೋಟ ಮಾರಾಯ?”

“ಯಾರದ್ದೋ. ನೆರಳು ನೋಡು ಹೆಂಗೆ ಕಟ್ಟಿದೆ. ಈ ವರ್ಷ ಮರಗಸಿ ಮಾಡ್ಸೇ ಇಲ್ಲ.”

ಮರಗಸಿ ಎಂದರೆ ತೋಟದ ನೆರಳಿನ ಮರಗಳ ಕೊಂಬೆ ಕಡಿಸಿ ಬಿಸಿಲು ಬಿಡಿಸುವುದು. ಫೋಟೋ ತೆಗೆದ ಹೊರಗಿನವರು ಅಲ್ಲೇ ನಿಂತಿದ್ದರು. “ಎಲೆಗಳ ನಡುವೆ ಬೆಳಕು ಹೇಗೆ ಸೋಸಿ ಬರುತ್ತಿದೆ ನೋಡಿ ಸರ್” ಅಂದರು.

“ಸೋಸಿದ್ರೆ ಸಾಲದು ಸಾರ್, ಬೀಳ್ಬೇಕು. ಬೀಳದಿದ್ರೆ ಹೂವೆಲ್ಲಿಂದ ಬರ್ತದೆ?” ಎಂದು ಬೆಳೆಗಾರರಲ್ಲಿ ಹಿರಿಯರು ತುಂಬಾ ಕಾಳಜಿಯಿಂದಲೇ ಹೇಳಿ, ಮುಂದಿನ ಫೋಟೋದ ಹೆಂಗಸಿನ ಬುಟ್ಟಿಯಲ್ಲಿ ಕಾಯಿ ಎಷ್ಟು ಹಣ್ಣೆಷ್ಟು ಎಂದು ನೋಡಲು ಹೋದರು.

ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿನ್ನುತ್ತಾ ನಾನು ಈ ಪ್ರಸಂಗದ ಮೇಲೆ ಒಂದು ಸಿದ್ಧಾಂತವನ್ನೇ ಕಟ್ಟಿದೆ. “ನೋಡು, ನಮ್ಮ ಜನಕ್ಕೆ ಚಿತ್ರ ಅನ್ನುವುದು ಕಾಣುವುದೇ ಇಲ್ಲ. ಅವರಿಗೆ ಕಾಣುವುದು ತೋಟ. ಚೌಕಟ್ಟು ಹಾಕಿ ಗೋಡೆಗೆ ಏರಿಸಿದರೂ ತೋಟವೇ. ಆದ್ದರಿಂದ ಇಲ್ಲಿ ಯಾರೇ ಚಿತ್ರ ಬರೆದರೂ...” ಎಂದು ಹೇಳುತ್ತಾ ಹೋದವಳು ಅವಳ ತಟ್ಟೆ ನೋಡಿ ನಿಲ್ಲಿಸಿದೆ. ದೋಸೆ ಹಾಗೇ ಇತ್ತು. ನನ್ನ ಸಿದ್ಧಾಂತ ಸಂಸೆಯಲ್ಲಿ ಯಾವ ಗೋಡೆಗೆ ಹೋಗಿ ಬಡಿಯುತ್ತದೆ ಎಂದು ನಾನು ಯೋಚಿಸಿರಲಿಲ್ಲ.

“ಹೇಳು, ಪೂರ್ತಿ ಮಾಡು” ಅಂದಳು.

“ಚಟ್ನಿಗೆ ಉಪ್ಪು ಕಮ್ಮಿ” ಅಂದೆ.

ಕಳಸದಲ್ಲಿ ಬಂಡಲುಗಳನ್ನು ಇಳಿಸಿ, ಸಂಸೆ ಸೇರುವಾಗ ಬಿಸಿಲು ಚುರುಚುರು ಅನ್ನುತ್ತಿತ್ತು. ದಾರಿಯುದ್ದಕ್ಕೂ ಮನೆ ಮುಂದಿನ ಕಣಗಳಲ್ಲಿ ಕಾಫಿ, ಅಡಿಕೆ ಒಣಗುತ್ತಿದ್ದವು. ಸಮುದಾಯ ಭವನದ ಬಾಗಿಲಲ್ಲಿ ಚಪ್ಪಲಿಗಳ ರಾಶಿ. ಯಾರೂ ಬಿಡಿ ಎಂದಿರಲಿಲ್ಲ, ಮೊದಲು ಬಂದ ಯಾರೋ ಬಿಟ್ಟಿದ್ದರು, ಉಳಿದವರೂ ಬಿಟ್ಟಿದ್ದರು. ಚಿಕ್ಕಮಗಳೂರಿನಲ್ಲಿ ಹೈಹೀಲ್ಡ್‌ನಲ್ಲಿ ಟಕಟಕ ಓಡಾಡಿದ ಜನವನ್ನು ನೋಡಿ ಬಂದ ನಮಗೆ ಬರಿಗಾಲಲ್ಲಿ ಚಿತ್ರ ನೋಡುವುದು ಯಾರದೋ ಮನೆಯ ನಡುಮನೆಗೆ ಹೊಕ್ಕ ಹಾಗೆ ಅನಿಸಿತು.

ಶಾಮಿಯಾನದ ಬಟ್ಟೆಯನ್ನು ಗೋಡೆಗೆ ಕಟ್ಟಿ, ಅದರ ಮೇಲೆ ಚಿತ್ರಗಳನ್ನು ಹಾಕಿದ್ದರು. ನಂದಿನಿಯ ಚಿತ್ರದ ಗ್ರಹಚಾರ ನೋಡಿ: ಎಡಕ್ಕೆ ಕಾಫಿ ಬೀಜಗಳನ್ನೇ ಅಂಟಿಸಿ ಮಾಡಿದ ಆಳೆತ್ತರದ ಗಣಪತಿ, ಬಲಕ್ಕೆ ಗರಿ ಬಿಚ್ಚಿದ ನವಿಲು. ಜನ ಗಣಪತಿಯ ಮುಂದೆ ಸೆಲ್ಫಿ ತೆಗೆದುಕೊಳ್ಳುವರು, ಕೆನ್ನೆ ಬಡಿದುಕೊಳ್ಳುವರು, ಅಲ್ಲಿಂದ ನೇರ ನವಿಲಿಗೆ ಹೋಗುವರು. ನಡುವಿನ ಕಣವನ್ನು ಚರಂಡಿ ದಾಟುವ ಹಾಗೆ ದಾಟುತ್ತಿದ್ದರು. ಒಬ್ಬಾಕೆ ನಿಂತಳು. ನಂದಿನಿ ನನ್ನ ಮೊಣಕೈ ಹಿಡಿದಳು. ಆಕೆ ಸೆರಗು ಸರಿಮಾಡಿಕೊಂಡು ಮುಂದೆ ಹೋದಳು.

ಒಂದೇ ಒಂದು ಸಲ ‘ಇದೇನು ಟಾರ್ಪಾಲು ಹೀಗೆ ಎದ್ದಿದೆ’ ಎಂದು ಜೋರಾಗಿ ಅಂದರೂ ಸಾಕಿತ್ತು, ನಾಲ್ಕು ಜನ ತಿರುಗುತ್ತಿದ್ದರು. ಷರತ್ತು ನೆನಪಾಗಿ ನಾಲಿಗೆ ಕಚ್ಚಿಕೊಂಡೆ. ಕೈಗಳನ್ನು ಹಿಂದೆ ಗಟ್ಟಿಯಾಗಿ ಕಟ್ಟಿಕೊಂಡು ನವಿಲಿನ ಕಡೆ ಮುಖ ಮಾಡಿ ನಿಂತೆ. ನಂದಿನಿ ಕಿಟಕಿಯ ಹತ್ತಿರ ಹೋಗಿ ಹೊರಗಿನ ಜೀಪುಗಳನ್ನು ನೋಡತೊಡಗಿದಳು. ಅವಳ ಕೈಯಲ್ಲಿ ಕೋಣೆಯ ಬೀಗದ ಕೈ ಇತ್ತು, ಅದರ ದಾರವನ್ನು ಬೆರಳಿಗೆ ಸುತ್ತಿಕೊಳ್ಳುವಳು, ಬಿಚ್ಚುವಳು.

ಆಗ ಒಬ್ಬ ಹಿರಿಯರು ಬಂದರು. ಎತ್ತಿ ಕಟ್ಟಿದ ಪಂಚೆ, ಅರ್ಧ ತೋಳಿನ ಸ್ವೆಟರು. “ಗೌಡ್ರು ಬಂದ್ರು” ಎಂದು ಯಾರೋ ಕುರ್ಚಿ ಹಾಕಿದರೆ ಬೇಡವೆಂದು ಕೈ ಹಿಂದಕ್ಕೆ ಕಟ್ಟಿಕೊಂಡು, ತೋಟ ಸುತ್ತುವ ಹೆಜ್ಜೆಯಲ್ಲೇ ಚಿತ್ರಗಳನ್ನು ಸುತ್ತತೊಡಗಿದರು. ಗಣಪತಿಗೆ ತಲೆ ಬಾಗಿಸಿದರು. ಮುಂದಕ್ಕೆ ಹೆಜ್ಜೆ ಇಟ್ಟವರು ನಂದಿನಿಯ ಚಿತ್ರದ ಎದುರು ಹಾಗೇ ನಿಂತರು. ಕತ್ತು ಸ್ವಲ್ಪ ಮುಂದೆ ಬಂತು. ನಾನು ಹಿಂದಿನಿಂದ ಅವರ ಕೈಯನ್ನೇ ನೋಡುತ್ತಿದ್ದೆ, ಚಿಕ್ಕಂದಿನ ಅಭ್ಯಾಸ.

ಕೈ ಬಿಚ್ಚಿತು.

ಬಿಚ್ಚಿದ ಕೈ ಸ್ವೆಟರಿನ ಒಳಗೆ ಹೋಗಿ ಫೋನನ್ನು ಹೊರಗೆ ತೆಗೆಯಿತು. ಕಣ್ಣು ಚಿತ್ರದ ಮೇಲೆಯೇ ಇತ್ತು.

“ಹಲೋ. ಕಣ ಮುಚ್ಚಿದ್ರಾ?”

ಆ ಕಡೆಯ ಹೆಂಗಸಿನ ದನಿ ನಮಗೆಲ್ಲ ಕೇಳುವಷ್ಟು ಗಟ್ಟಿಯಾಗಿತ್ತು. “ಎಂತ ಮುಚ್ಚದು?”

“ಕಣ, ಕಣ! ಕಾಫಿ ಮುಚ್ಚಿದ್ರಾ ಅಂತ.”

“ಬೆಂಕಿಯಂಥ ಬಿಸಿಲು ಹೊಡೀತಾ ಇದೆಯಲ್ರೀ, ಈಗ ಯಾಕೆ ಮುಚ್ಚದು?”

ಗೌಡರು ಕಿಟಕಿಯತ್ತ ತಿರುಗಿದರು. ಹೊರಗೆ ಬಿಸಿಲು ಕಣ್ಣು ಕುಕ್ಕುತ್ತಿತ್ತು. ಮತ್ತೆ ಚಿತ್ರದತ್ತ ತಿರುಗಿದರು. ದನಿ ತಗ್ಗಿಸಿ, “ಅಲ್ಲ... ಇಲ್ಲಿ ಸ್ವಲ್ಪ ಮೋಡ ಇದೆ” ಅಂದರು.

“ಎಲ್ಲಿದೀರಿ ನೀವು?”

“ಇಲ್ಲೇ ಭವನದಲ್ಲಿ. ಚಿತ್ರ ನೋಡ್ತಾ ಇದೀನಿ.”

“ಹಂಗಾದ್ರೆ ಚಿತ್ರ ನೋಡಿ” ಎಂದು ಆಕೆ ಫೋನಿಟ್ಟರು.

ಗೌಡರು ಫೋನನ್ನು ಒಳಗಿಟ್ಟು, ಯಾರಿಗೂ ಅಲ್ಲವೆಂಬಂತೆ, “ಯಾರಾದ್ರೂ ಒಬ್ರು ಆ ಮೂಲೆ ಹಿಡ್ಕೊಬಾರ್ದಾ” ಎಂದು ಗೊಣಗಿದರು. ನವಿಲಿನ ಕಡೆ ಹೋದರು. ಅಲ್ಲಿ ಎರಡು ನಿಮಿಷ ನಿಂತಿದ್ದು, ಸಮಾಧಾನವಾಗದೆ, ಇನ್ನೊಮ್ಮೆ ಬಂದು ಕಣ ನೋಡಿಕೊಂಡು ಹೋದರು.

ಅವರು ಹೋದ ಮೇಲೆ ನನಗೆ ತಿಳಿಯಿತು, ನಾನು ಚಿತ್ರದ ಹತ್ತಿರಕ್ಕೇ ಬಂದು ನಿಂತಿದ್ದೆ, ನನ್ನ ಕೈಗಳೂ ಹಿಂದೆ ಇರಲಿಲ್ಲ. ಬಲಗೈ ಮುಂದೆ ಬಂದು, ಚಿತ್ರದ ಎಡಗಡೆಯ ಕೆಳಮೂಲೆಯ ಹತ್ತಿರ, ಗಾಳಿಗೆ ಎದ್ದ ಆ ಟಾರ್ಪಾಲಿನ ತುದಿಯಿಂದ ಒಂದು ಗೇಣು ದೂರದಲ್ಲಿ ನಿಂತಿತ್ತು. ಇನ್ನು ಸ್ವಲ್ಪ ಬಿಟ್ಟಿದ್ದರೆ ಹೋಗಿ ಅದರ ಮೇಲೆ ಕೂತೇ ಬಿಡುತ್ತಿದ್ದೆನೋ ಏನೋ. ಕಣದಲ್ಲಿ ಯಾರೂ ಇಲ್ಲ ಎಂದು ನಾನೇ ಆಕ್ಷೇಪ ಎತ್ತಿದ್ದೆ. ಯಾರೂ ಇಲ್ಲದ್ದರಿಂದಲೇ ಅಲ್ಲವೇ, ನೋಡಿದವರೇ ಓಡಬೇಕಾದದ್ದು? ಸರಕ್ಕನೆ ಕೈ ಹಿಂದಕ್ಕೆ ಎಳೆದುಕೊಂಡೆ. ಕಿಟಕಿಯ ಹತ್ತಿರ ನಂದಿನಿ ಜೀಪು ನೋಡುವುದನ್ನು ಬಿಟ್ಟು ನನ್ನನ್ನೇ ನೋಡುತ್ತಿದ್ದಳು.

ವಾಪಸು ಬರುವಾಗ ಗಾಡಿ ಕಳಸ ದಾಟಿತು.

“ಈಗ ಮಾತಾಡ್ಬೋದು ನೀನು” ಅಂದಳು.

“ಆದರೆ...” ಎಂದು ಅಭ್ಯಾಸಬಲದಿಂದ ಶುರು ಮಾಡಿದೆ. ಮುಂದಿನದು ಬರಲಿಲ್ಲ. ಗೌಡರು ನೋಡಿದ್ದು ಚಿತ್ರವನ್ನಲ್ಲ, ಕಾಫಿಯನ್ನು ಎಂದು ವಾದಿಸಬಹುದಿತ್ತು. ಕೊಟ್ಟಿಗೆಹಾರದಲ್ಲಿ ನಾನು ಕಟ್ಟಿದ ಸಿದ್ಧಾಂತವೂ ಅದೇ. ಈಗ ಆ ವಾದ ಪರಕ್ಕೆ ಸೇರುತ್ತದೋ ವಿರೋಧಕ್ಕೆ ಸೇರುತ್ತದೋ ನನಗೇ ಗೊತ್ತಾಗಲಿಲ್ಲ. ‘ಆದರೆ’ ಒಂದು ಹಾಗೇ ಗಾಡಿಯೊಳಗೆ ಕೂತುಕೊಂಡು ನಮ್ಮ ಜೊತೆ ಬಂತು. ನಂದಿನಿ ಬಾಳೂರು ಘಾಟಿಯ ತಿರುವುಗಳಲ್ಲೆಲ್ಲ ಬೇಕಿಲ್ಲದಿದ್ದರೂ ಹಾರ್ನ್ ಹೊಡೆದಳು.

ಆಲ್ದೂರು ತಲುಪುವಾಗ ಮಲ್ಲಪ್ಪನವರು ಅಂಗಡಿಯ ಶಟರ್ ಅರ್ಧ ಎಳೆದು ನಮಗಾಗಿ ಕಾಯುತ್ತಿದ್ದರು.

“ಬಂಡಲ್ ಕೊಟ್ಯಾ?”

“ಕೊಟ್ಟೆ. ಅಪ್ಪಾಜಿ, ಮೇಲಿನ ಕೋಣೆ ನಂಗೆ ಬೇಕು.”

ಒಂದೇ ಉಸಿರಿನಲ್ಲಿ ಹೇಳಿದಳು. ಮಲ್ಲಪ್ಪನವರು ಮಗಳನ್ನು ಬಿಟ್ಟು ನನ್ನ ಕಡೆ ತಿರುಗಿದರು. ಅವರಿಗೆ ನನ್ನ ಅನುಭವ ಚೆನ್ನಾಗಿದೆ. ಹಿಂದೊಮ್ಮೆ ನಂದಿನಿಗೆ ಡ್ರೈವಿಂಗ್ ಕಲಿಸಬೇಕೆಂದು ಇದೇ ಅಂಗಡಿಯಲ್ಲಿ ನಿಂತು ಗಿರಾಕಿಗಳ ಎದುರೇ ಭಾಷಣ ಮಾಡಿದ್ದೆ. ಅಳತೆಯ ಟೇಪನ್ನು ಮೇಜಿನ ಮೇಲಿಟ್ಟು ಕೂತರು. “ಹೂಂ, ಶುರು ಮಾಡಿ ಲಾಯರಮ್ಮ. ಇದಕ್ಕೆ ನಿಮ್ದು ಎಷ್ಟು ಪಾಯಿಂಟು?”

“ಒಂದೂ ಇಲ್ಲ ಅಂಕಲ್.”

“ಒಂದೂ ಇಲ್ವಾ?”

“ಇಲ್ಲ.”

ಅವರು ನನ್ನನ್ನು ನೋಡಿದರು, ಮಗಳನ್ನು ನೋಡಿದರು, ಟೇಪನ್ನು ಎಳೆದು ಬಿಟ್ಟರು. ಅದು ಸರ್ರನೆ ಒಳಗೆ ಹೋಯ್ತು. “ನಿಮಗೇ ಮಾತಿಲ್ಲ ಅಂದ್ರೆ ಏನೋ ಗಟ್ಟಿ ಸಂಗತಿನೇ ಆಗಿರ್ಬೇಕು” ಎಂದು ಎದ್ದು ಶಟರಿನ ಇನ್ನರ್ಧ ಎಳೆದರು. “ಕೈಕಾಲು ತೊಳ್ಕೊಳ್ಳಿ, ಊಟಕ್ಕೆ ಏಳನ.”

ಈಗ ಆ ಅಂಗಡಿಗೆ ಹೋದರೆ ಟಾರ್ಪಾಲಿನ ಬಂಡಲುಗಳು ಮಹಡಿಯ ಮೆಟ್ಟಿಲುಗಳ ಮೇಲೆಯೇ, ಒಂದೊಂದು ಮೆಟ್ಟಿಲಿಗೆ ಒಂದೊಂದರಂತೆ, ಅರ್ಧ ಜಾಗ ಹಿಡಿದು ಕೂತಿವೆ. ನಂದಿನಿಯ ಹೊಸ ಚಿತ್ರ ನೋಡಬೇಕಾದರೆ ಅಡ್ಡಡ್ಡ ತಿರುಗಿ, ಒಂದು ಕೈಯಲ್ಲಿ ಗೋಡೆ, ಇನ್ನೊಂದು ಕೈಯಲ್ಲಿ ಬಂಡಲು ಹಿಡಿದುಕೊಂಡು ಹತ್ತಬೇಕು. ಹೋದ ವಾರ ಹತ್ತಿದೆ. ಕೈ ಹಿಂದಕ್ಕೆ ಕಟ್ಟಿಕೊಂಡು ಹತ್ತಲು ಸಾಧ್ಯವಿಲ್ಲ, ಬಿದ್ದೇ ಹೋಗುತ್ತೇವೆ.